ಹಳೆಯ ಸ್ಪ್ರೇ ಪೇಂಟಿಂಗ್ ಕಂಪ್ರೆಸರ್: ರಿಪೇರಿ ಮಾಡಿಸುವುದಾ, ಹೊಸದು ತೆಗೆದುಕೊಳ್ಳುವುದಾ?

ಬಣ್ಣ ಹೊಡೆಯುತ್ತಿರುವಾಗ ಗನ್ ಉಗುಳಲು ಶುರು ಮಾಡಿತು. ಗನ್‌ನಿಂದ ಬೀಸಣಿಗೆಯಂತೆ ಹರಡುವ ಬಣ್ಣದ ಪಟ್ಟೆ, ಅಂದರೆ ಫ್ಯಾನ್, ಅರ್ಧಕ್ಕೆ ಕುಗ್ಗಿತು. ಮೋಟಾರ್ ನಿಲ್ಲದೆ ಓಡುತ್ತಲೇ ಇದೆ. ಇಷ್ಟಾದರೆ ಎಲ್ಲರೂ ಬೈಯುವುದು ಕಂಪ್ರೆಸರನ್ನೇ. ಕೆಲವರು ಅವತ್ತೇ ಪಂಪಿನ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚುತ್ತಾರೆ, ಇನ್ನು ಕೆಲವರು ಹೊಸದಕ್ಕೆ ಆರ್ಡರ್ ಕೊಟ್ಟುಬಿಡುತ್ತಾರೆ. ಎರಡೂ ಅವಸರ. ಪಿಸ್ಟನ್ ಕಂಪ್ರೆಸರ್ ಬಹಳ ಸರಳವಾದ ಯಂತ್ರ. ಸರಿಯಾದ ಕ್ರಮದಲ್ಲಿ ನೋಡಿದರೆ ತೊಂದರೆ ಎಲ್ಲಿದೆ ಎಂದು ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ.

ಕ್ರಮ ಅಂದೆ ಅಲ್ವಾ, ಅದು ಹೀಗೆ: ಮೊದಲು ಟ್ಯಾಂಕ್, ಆಮೇಲೆ ಅಳತೆ, ಆಮೇಲೆ ಪೈಪು, ಕೊನೆಗೆ ಪಂಪ್ ಮತ್ತು ಮೋಟಾರ್. ಇದಕ್ಕೆ ಕಾರಣ ಇದೆ. ಪಂಪಿನ ವಾಲ್ವ್, ರಿಂಗ್, ಗ್ಯಾಸ್ಕೆಟ್, ಮೋಟಾರಿನ ಕೆಪಾಸಿಟರ್, ಪ್ರೆಶರ್ ಸ್ವಿಚ್ ಎಲ್ಲವನ್ನೂ ಬದಲಿಸಬಹುದು. ತುಕ್ಕು ತಿಂದ ಟ್ಯಾಂಕ್ ಒಂದನ್ನು ಮಾತ್ರ ಸರಿ ಮಾಡಲು ಆಗುವುದಿಲ್ಲ. ಟ್ಯಾಂಕ್ ಹೋಗಿದ್ದರೆ ಉಳಿದದ್ದಕ್ಕೆಲ್ಲ ದುಡ್ಡು ಸುರಿಯುವ ಮುಂಚೆ ಇನ್ನೊಮ್ಮೆ ಯೋಚಿಸಬೇಕು.

ಟ್ಯಾಂಕ್ ಪರೀಕ್ಷೆ

ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಯಾಕೆಂದರೆ ಪ್ರೆಶರ್ ಇಳಿದ ಕೂಡಲೇ ಮೋಟಾರ್ ತಾನಾಗಿಯೇ ಶುರುವಾಗುವ ಯಂತ್ರ ಇದು. ಗಾಳಿಯನ್ನೆಲ್ಲ ಬಿಟ್ಟು, ಗೇಜ್ ಹತ್ತಿರ ಹತ್ತಿರ ಸೊನ್ನೆಗೆ ಬಂದಾಗ ಟ್ಯಾಂಕಿನ ತಳದಲ್ಲಿರುವ ಡ್ರೇನ್ ಕಾಕ್ ತೆರೆಯಿರಿ. ಕೆಳಗೆ ಒಂದು ಬಿಳಿ ಡಬ್ಬಿ ಇಡಿ. ಬಂದದ್ದು ತೆಳ್ಳಗಿನ ನೀರು, ಅದರಲ್ಲಿ ಸ್ವಲ್ಪ ಎಣ್ಣೆ ಬೆರೆತಿದ್ದರೆ ಚಿಂತೆ ಇಲ್ಲ. ಕಂದು ಬಣ್ಣದ ನೀರು ಬಂದರೆ ಎಚ್ಚರ ಬೇಕು. ತುಕ್ಕಿನ ಚಕ್ಕೆಗಳೇ ಬಿದ್ದರೆ ಒಳಗೆ ಲೋಹ ಸವೆಯುತ್ತಿದೆ ಎಂದೇ ಅರ್ಥ.

ಟ್ಯಾಂಕು ಸವೆಯುವುದು ಒಳಗಿನಿಂದ, ಅದೂ ನೀರು ನಿಲ್ಲುವ ತಳದಲ್ಲಿ. ಹೊರಗಿನ ಬಣ್ಣ ಹೊಸದರಂತೆ ಹೊಳೆಯುತ್ತಿದ್ದರೂ ಒಳಗಿನ ತಗಡು ಅರ್ಧದಷ್ಟು ತೆಳುವಾಗಿರಬಹುದು. ಡ್ರೇನ್ ಕಾಕನ್ನು ಪೂರ್ತಿ ಬಿಚ್ಚಿ, ಮೊಬೈಲಿಗೆ ಹಾಕುವ ತೆಳು ಕೇಬಲ್ ಕ್ಯಾಮೆರಾ ಇದ್ದರೆ ಆ ತೂತಿನಿಂದ ಒಳಗೆ ಬಿಟ್ಟು ನೋಡಿ. ತೆಳುವಾಗಿ ಸಮನಾಗಿ ಹರಡಿದ ಕೆಂಪು ತುಕ್ಕು ಹಳೆಯ ಟ್ಯಾಂಕಿನಲ್ಲಿ ಮಾಮೂಲು. ಗುಳಿ ಗುಳಿಯಾಗಿದ್ದರೆ, ಪದರ ಎದ್ದಿದ್ದರೆ ಅದು ಮಾಮೂಲಲ್ಲ. ಹೊರಗಿನಿಂದ ತಳಭಾಗ, ಕಾಲುಗಳನ್ನು ಬೆಸುಗೆ ಹಾಕಿದ ಜಾಗ, ಎರಡು ತುದಿಯ ಗುಮ್ಮಟಗಳ ಬೆಸುಗೆ, ಇಷ್ಟನ್ನು ಬೆರಳಾಡಿಸಿ ನೋಡಿ. ಬಣ್ಣ ಉಬ್ಬಿದ್ದರೆ ಕೆರೆದು ನೋಡಿ. ಖಾಲಿ ಟ್ಯಾಂಕನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ತಗಡು ಠಣ್ ಎನ್ನುತ್ತದೆ. ಸವೆದ ಜಾಗ ಮಂಕಾಗಿ ಸದ್ದು ಕೊಡುತ್ತದೆ. ಅನುಮಾನ ಹುಟ್ಟಿಸಲು ಈ ತಟ್ಟುವಿಕೆ ಸಾಕು, ನಂಬಿಕೆ ಇಡಲು ಸಾಲದು. ಗಾಳಿ ತುಂಬಿದ ಟ್ಯಾಂಕನ್ನಂತೂ ಯಾವತ್ತೂ ತಟ್ಟಬೇಡಿ.

ಅನುಮಾನ ಉಳಿದರೆ ಎರಡು ದಾರಿ ಇವೆ. ಒಂದು, ಅಲ್ಟ್ರಾಸೋನಿಕ್ ಗೇಜ್ ಇಟ್ಟು ತಗಡಿನ ದಪ್ಪ ಅಳೆಸುವುದು. ಇನ್ನೊಂದು ಹೈಡ್ರೋ ಟೆಸ್ಟ್. ಟ್ಯಾಂಕಿನಲ್ಲಿ ಒಂದಿಷ್ಟೂ ಗಾಳಿ ಉಳಿಯದಂತೆ ನೀರು ತುಂಬಿ, ಕೆಲಸದ ಪ್ರೆಶರ್‌ನ 1.3ರಿಂದ 1.5 ಪಟ್ಟು ಒತ್ತಡ ಕೊಟ್ಟು ನೋಡುತ್ತಾರೆ. ಇದನ್ನು ಪ್ರೆಶರ್ ವೆಸೆಲ್ ಪರೀಕ್ಷೆ ಮಾಡಿ ಗೊತ್ತಿರುವವರಿಂದಲೇ ಮಾಡಿಸಿ. ನೀರು ಯಾಕೆ, ಗಾಳಿಯನ್ನೇ ಜಾಸ್ತಿ ತುಂಬಿ ನೋಡಬಾರದಾ ಎಂದು ಕೇಳುವವರಿದ್ದಾರೆ. ನೀರನ್ನು ಹಿಂಡಲು ಆಗುವುದಿಲ್ಲ. ಹಾಗಾಗಿ ಟ್ಯಾಂಕು ಬಿರುಕು ಬಿಟ್ಟರೂ ನೀರು ಚಿಮ್ಮಿ ಒತ್ತಡ ತಕ್ಷಣ ಇಳಿದುಬಿಡುತ್ತದೆ. ಗಾಳಿ ಹಾಗಲ್ಲ. 100 ಲೀಟರ್ ಟ್ಯಾಂಕಿಗೆ 8 ಬಾರ್ (ಒಂದು ಬಾರ್ ಎಂದರೆ ಸುಮಾರು 14.5 ಪಿಎಸ್‌ಐ ಒತ್ತಡ) ಗಾಳಿ ತುಂಬಿದರೆ, ಒಂದು ಟನ್ ತೂಕವನ್ನು ಹಲವು ಮೀಟರ್ ಮೇಲೆತ್ತುವಷ್ಟು ಶಕ್ತಿ ಅದರಲ್ಲಿ ಕೂತಿರುತ್ತದೆ. ಅದು ಒಂದೇ ಕ್ಷಣದಲ್ಲಿ ಹೊರಬಂದರೆ ಪಕ್ಕದಲ್ಲಿ ನಿಂತವರ ಕಥೆ ಮುಗಿದಂತೆಯೇ.

ಸೂಜಿ ಮೊನೆಯಷ್ಟು ತೂತಿನಿಂದ ಗಾಳಿ ಬರುತ್ತಿದ್ದರೆ? ವೆಲ್ಡ್ ಮಾಡಿಸಬೇಡಿ. ಎಪಾಕ್ಸಿ ಮೆತ್ತಬೇಡಿ. ಸ್ಕ್ರೂ ತಿರುಗಿಸಿ ಮುಚ್ಚಬೇಡಿ. ಒಂದು ಕಡೆ ತೂತಾಗಿದೆ ಎಂದರೆ ಅದರ ಸುತ್ತಲಿನ ತಗಡೂ ಕಾಗದದಂತೆ ತೆಳುವಾಗಿದೆ ಎಂದು ತಿಳಿಯಿರಿ. ವೆಲ್ಡಿಂಗ್ ಬಿಸಿ ಅದನ್ನು ಇನ್ನಷ್ಟು ಕೆಡಿಸುತ್ತದೆ. ಆ ಟ್ಯಾಂಕು ಗುಜರಿಗೆ. ಗುಜರಿಗೆ ಹಾಕುವ ಮೊದಲು ಅದರಲ್ಲಿ ದೊಡ್ಡ ತೂತು ಕೊರೆಸಿ, ಇನ್ಯಾರೂ ತೆಗೆದುಕೊಂಡು ಹೋಗಿ ಗಾಳಿ ತುಂಬಬಾರದು. ಹಳೆಯ ಗ್ಯಾಸ್ ಸಿಲಿಂಡರನ್ನು ಟ್ಯಾಂಕಾಗಿ ಬಳಸುವ ಉಪಾಯವನ್ನೂ ಬಿಟ್ಟುಬಿಡಿ.

ಟ್ಯಾಂಕ್ ಪಾಸಾದರೆ ಸೇಫ್ಟಿ ವಾಲ್ವ್ ನೋಡಿ. ಸ್ವಲ್ಪ ಪ್ರೆಶರ್ ತುಂಬಿ, ಕನ್ನಡಕ ಹಾಕಿಕೊಂಡು, ಅದರ ಉಂಗುರ ಎಳೆಯಿರಿ. ಜೋರಾಗಿ ಗಾಳಿ ಬಿಟ್ಟು, ಕೈ ಬಿಟ್ಟ ಕೂಡಲೇ ಪೂರ್ತಿ ಮುಚ್ಚಿಕೊಳ್ಳಬೇಕು. ಅಂಟಿಕೊಂಡಿದ್ದರೆ ಅದನ್ನು ಎಣ್ಣೆ ಹಾಕಿ ಪಳಗಿಸುವ ಕೆಲಸ ಬೇಡ, ಹೊಸದನ್ನೇ ಹಾಕಿ. ಹೊಸ ವಾಲ್ವ್ ತೆರೆದುಕೊಳ್ಳುವ ಪ್ರೆಶರ್ ಟ್ಯಾಂಕಿನ ಪ್ಲೇಟಿನಲ್ಲಿ ಬರೆದಿರುವ ಗರಿಷ್ಠ ಪ್ರೆಶರ್ ಮೀರಿರಬಾರದು. ವಾಲ್ವ್ ಸೋರುತ್ತದೆ ಎಂದು ಪ್ಲಗ್ ಹಾಕಿ ಮುಚ್ಚಿದ ಕಂಪ್ರೆಸರ್‌ಗಳು ಕಣ್ಣಿಗೆ ಬೀಳುವುದುಂಟು. ಅಂಥದ್ದರ ಹತ್ತಿರ ನಿಲ್ಲಬೇಡಿ.

ಪಂಪ್ ನಿಜಕ್ಕೂ ಎಷ್ಟು ಗಾಳಿ ಕೊಡುತ್ತಿದೆ?

ಕಂಪ್ರೆಸರ್ ವೀಕ್ ಆಗಿದೆ ಎನ್ನುವುದು ಅನಿಸಿಕೆ. ಅಳತೆಗೆ ಬೇಕಾಗಿರುವುದು ಒಂದು ಗಡಿಯಾರ ಮತ್ತು ಸರಿಯಾಗಿರುವ ಗೇಜ್, ಅಷ್ಟೇ.

1. ಟ್ಯಾಂಕಿನ ನೀರು ತೆಗೆಯಿರಿ. ಹೊರಹೋಗುವ ದಾರಿಗಳನ್ನೆಲ್ಲ ಮುಚ್ಚಿ.
2. ಕಂಪ್ರೆಸರ್ ಚಾಲೂ ಮಾಡಿ. ಗೇಜ್ 4 ಬಾರ್ ತೋರಿಸಿದಾಗ ಸಮಯ ಶುರು ಮಾಡಿ, 7 ಬಾರ್ ಮುಟ್ಟಿದಾಗ ನಿಲ್ಲಿಸಿ.
3. ಟ್ಯಾಂಕಿನ ಲೀಟರ್ × ಏರಿದ ಬಾರ್ ÷ ಹಿಡಿದ ನಿಮಿಷ. ಬಂದ ಉತ್ತರ ನಿಮಿಷಕ್ಕೆ ಇಷ್ಟು ಲೀಟರ್ ಗಾಳಿ.
4. ಅದನ್ನು 28.3ರಿಂದ ಭಾಗಿಸಿದರೆ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಎಂಬ ಲೆಕ್ಕ ಸಿಗುತ್ತದೆ.

ಉದಾಹರಣೆಗೆ 100 ಲೀಟರ್ ಟ್ಯಾಂಕು 4ರಿಂದ 7 ಬಾರ್‌ಗೆ ಏರಲು ಒಂದು ನಿಮಿಷ ತೆಗೆದುಕೊಂಡರೆ, 100 × 3 ÷ 1 = 300 ಲೀಟರ್. ಅಂದರೆ ಸುಮಾರು 10.6 ಸಿಎಫ್‌ಎಂ. ಅದೇ ಕೆಲಸಕ್ಕೆ ಎರಡು ನಿಮಿಷ ಹಿಡಿದರೆ ಗಾಳಿ ಅರ್ಧಕ್ಕೆ ಇಳಿದಿದೆ.

ಈ ಅಂಕಿಯನ್ನು ಪಂಪಿನ ಪ್ಲೇಟಿನ ಜೊತೆ ಹೋಲಿಸುವಾಗ ಒಂದು ವಿಷಯ ನೆನಪಿರಲಿ. ಪ್ಲೇಟಿನಲ್ಲಿ ಅನೇಕ ಸಲ ‘ಡಿಸ್‌ಪ್ಲೇಸ್‌ಮೆಂಟ್’ ಬರೆದಿರುತ್ತಾರೆ. ಅದು ಪಿಸ್ಟನ್ ಗುಡಿಸುವ ಜಾಗದ ಲೆಕ್ಕ, ಕೈಗೆ ಸಿಗುವ ಗಾಳಿಯದಲ್ಲ. ಸಿಗುವ ಗಾಳಿಗೆ ‘ಫ್ರೀ ಏರ್ ಡೆಲಿವರಿ’, ಅಂದರೆ ಎಫ್‌ಎಡಿ ಎನ್ನುತ್ತಾರೆ. ಸಣ್ಣ ಪಿಸ್ಟನ್ ಪಂಪುಗಳಲ್ಲಿ ಅದು ಡಿಸ್‌ಪ್ಲೇಸ್‌ಮೆಂಟಿನ ಮೂರನೇ ಎರಡು ಭಾಗದ ಆಸುಪಾಸು ಇರುವುದು ಸಹಜ. ಪ್ಲೇಟ್ ಕಿತ್ತುಹೋಗಿದ್ದರೆ ಮೋಟಾರಿನಿಂದ ಅಂದಾಜು ಮಾಡಿ: 6 ಬಾರ್ ಸುಮಾರಿಗೆ ಪ್ರತಿ ಎಚ್‌ಪಿಗೆ 3ರಿಂದ 4 ಸಿಎಫ್‌ಎಂ. 2 ಎಚ್‌ಪಿ ಮೋಟಾರ್ ಇಟ್ಟುಕೊಂಡು 15 ಸಿಎಫ್‌ಎಂ ನಿರೀಕ್ಷಿಸಿದರೆ ಅದು ಯಂತ್ರದ ತಪ್ಪಲ್ಲ.

ನಿಮ್ಮ ಗನ್‌ಗೆ ಎಷ್ಟು ಬೇಕು?

ಇಲ್ಲೇ ಬಹಳ ಜನ ಎಡವುತ್ತಾರೆ. ಹಳೆಯ ಕಂಪ್ರೆಸರ್ ವರ್ಷಗಟ್ಟಲೆ ಚೆನ್ನಾಗಿತ್ತು, ಹೊಸ ಗನ್ ಬಂದ ಮೇಲೆ ಕೆಟ್ಟಿತು ಎಂದರೆ ಕಂಪ್ರೆಸರ್ ಕೆಟ್ಟಿಲ್ಲ, ಗನ್‌ನ ಹಸಿವು ಜಾಸ್ತಿಯಾಗಿದೆ. ಎಚ್‌ವಿಎಲ್‌ಪಿ (ಹೆಚ್ಚು ಗಾಳಿ, ಕಡಿಮೆ ಪ್ರೆಶರ್) ಗನ್ ತನ್ನ ಮೂತಿಯ ಏರ್ ಕ್ಯಾಪಿನಲ್ಲಿ ಹೆಚ್ಚೆಂದರೆ 10 ಪಿಎಸ್‌ಐ ಬಳಸುತ್ತದೆ. ಪ್ರೆಶರ್ ಕಡಿಮೆ ಅಂದರೆ ಗಾಳಿಯೂ ಕಡಿಮೆ ಸಾಕು ಎಂದುಕೊಳ್ಳುತ್ತಾರೆ. ನಿಜ ಅದರ ತಿರುಗುಮುರುಗು. ಪ್ರೆಶರ್ ಇಳಿಸಿದ್ದನ್ನು ಅದು ಗಾಳಿಯ ಪ್ರಮಾಣದಲ್ಲಿ ವಸೂಲಿ ಮಾಡುತ್ತದೆ. ಬಣ್ಣ ಹಾರಿಹೋಗುವುದು ಕಡಿಮೆಯಾಗುತ್ತದೆ, ಆದರೆ ಪೂರ್ತಿ ಅಳತೆಯ ಎಚ್‌ವಿಎಲ್‌ಪಿಗೆ 10ರಿಂದ 15 ಸಿಎಫ್‌ಎಂ ಬೇಕಾಗುವುದು ಸಾಮಾನ್ಯ. ಎಲ್‌ವಿಎಲ್‌ಪಿ (ಕಡಿಮೆ ಗಾಳಿ, ಕಡಿಮೆ ಪ್ರೆಶರ್) ಗನ್‌ಗಳು ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ಕೆಲಸ ಮಾಡುತ್ತವೆ. ಸಣ್ಣ ಟಚಪ್ ಗನ್‌ಗೆ 2ರಿಂದ 4 ಸಾಕು, ಏರ್‌ಬ್ರಷ್‌ಗೆ ಒಂದೂ ಬೇಡ. ಗನ್ ಜೊತೆ ಬಂದ ಕಾಗದದಲ್ಲಿ ಅದರ ಅಂಕಿ ಇರುತ್ತದೆ, ಅದೇ ಕೊನೆಯ ಮಾತು.

ಆ ಅಂಕಿಯ ಮೇಲೆ 30ರಿಂದ 50 ಶೇಕಡಾ ಸೇರಿಸಿ. ಪಿಸ್ಟನ್ ಕಂಪ್ರೆಸರ್‌ಗೆ ಆರಿಕೊಳ್ಳಲು ಬಿಡುವು ಬೇಕು. ಸಣ್ಣವುಗಳಲ್ಲಿ ಅರ್ಧ ಹೊತ್ತು ಓಟ, ಅರ್ಧ ಹೊತ್ತು ಬಿಡುವು ಎಂಬ ಲೆಕ್ಕದಲ್ಲೇ ಅನೇಕವನ್ನು ಮಾಡಿರುತ್ತಾರೆ. ನಿಲ್ಲದೆ ಓಡಿದರೆ ಹೆಡ್ ಕಾದು, ಬಿಸಿ ಗಾಳಿಯ ಜೊತೆ ಎಣ್ಣೆ ಮತ್ತು ನೀರಿನ ಆವಿ ಮುಂದೆ ಹೋಗುತ್ತದೆ.

ದೊಡ್ಡ ಟ್ಯಾಂಕ್ ಹಾಕಿದರೆ ಸರಿಹೋಗುತ್ತದಾ? ಸ್ವಲ್ಪ ಹೊತ್ತಿಗೆ ಮಾತ್ರ. ಟ್ಯಾಂಕ್ ಗಾಳಿಯನ್ನು ಕೂಡಿಡುತ್ತದೆ, ಹುಟ್ಟಿಸುವುದಿಲ್ಲ. ಕುರ್ಚಿ, ಕಿಟಕಿ ಚೌಕಟ್ಟು, ಬೈಕಿನ ಬಿಡಿಭಾಗ ಹೀಗೆ ತಡೆತಡೆದು ಹೊಡೆಯುವ ಕೆಲಸಕ್ಕೆ ಎರಡನೇ ಟ್ಯಾಂಕ್ ನೆರವಾಗುತ್ತದೆ. ಇಡೀ ಕಾರಿಗೆ ಒಂದೇ ಸಲ ಕೋಟ್ ಹಾಕುವವರಿಗೆ ನೆರವಾಗುವುದಿಲ್ಲ.

ಪಂಪ್ ಬಿಚ್ಚುವ ಮೊದಲು ಪೈಪು ನೋಡಿ

ಅಳತೆಯಲ್ಲಿ ಗಾಳಿ ಸರಿಯಾಗಿದೆ, ಆದರೂ ಗನ್ ಸಪ್ಪೆ ಎಂದರೆ ಕಳ್ಳ ನಡುವೆ ಇದ್ದಾನೆ. ಗನ್‌ನ ಹಿಡಿಯ ಕೆಳಗೆ ಸಣ್ಣ ಗೇಜ್ ಹಾಕಿ. ಟ್ರಿಗರ್ ಒತ್ತಿ ಹಿಡಿದು ಓದಿ. ಬಿಟ್ಟಾಗ ತೋರಿಸುವ ಅಂಕಿಗೆ ಅರ್ಥವೇ ಇಲ್ಲ. ರೆಗ್ಯುಲೇಟರ್‌ನಲ್ಲಿ (ಹೋಸಿಗೆ ಹೋಗುವ ಪ್ರೆಶರ್ ಹೊಂದಿಸುವ ಭಾಗ) 3 ಬಾರ್ ಇದ್ದು ಗನ್ ಹತ್ತಿರ 2ಕ್ಕಿಂತ ಕಡಿಮೆ ಬಂದರೆ, ಸಣ್ಣ ಹೋಸ್, ಇಕ್ಕಟ್ಟಾದ ಕಪ್ಲರ್ ಅಥವಾ ಕಟ್ಟಿಕೊಂಡ ಫಿಲ್ಟರ್ ಗಾಳಿಯನ್ನು ತಿನ್ನುತ್ತಿದೆ. ಕಾಲು ಇಂಚಿನ ಒಳ ಅಳತೆಯ ಉದ್ದನೆಯ ಹೋಸ್ ಎಚ್‌ವಿಎಲ್‌ಪಿ ಗನ್‌ಗೆ ಸಾಲುವುದೇ ಇಲ್ಲ. 3/8 ಇಂಚು, ಅಂದರೆ ಸುಮಾರು 10 ಮಿಲಿಮೀಟರ್ ಒಳ ಅಳತೆಯ ಹೋಸ್ ಮತ್ತು ಅಗಲ ಬಾಯಿಯ ಕಪ್ಲರ್ ಹಾಕಿ ನೋಡಿ. ಇಷ್ಟಕ್ಕೇ ಕಂಪ್ರೆಸರ್ ಹೊಸದಾದಂತೆ ಅನಿಸುವುದುಂಟು.

ಇನ್ನು ಸೋರಿಕೆ. ಟ್ಯಾಂಕ್ ತುಂಬಿಸಿ, ಮೋಟಾರ್ ಆಫ್ ಮಾಡಿ, ಹೋಸಿನ ದಾರಿ ತೆರೆದಿಟ್ಟು ಗೇಜ್ ಅಂಕಿ ಬರೆದುಕೊಳ್ಳಿ. ಅರ್ಧ ಗಂಟೆ ಬಿಟ್ಟು ನೋಡಿ. ಬಿಸಿ ಗಾಳಿ ತಣಿದಾಗ ಮುಳ್ಳು ಸ್ವಲ್ಪ ಇಳಿಯುವುದು ಸಹಜ. ಅದು ಇಳಿಯುತ್ತಲೇ ಹೋದರೆ ಸೋಪು ನೀರನ್ನು ಬ್ರಷ್‌ನಲ್ಲಿ ಪ್ರತಿ ಜೋಡಣೆಗೂ ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಗಾಳಿ ಖಾಲಿ ಮಾಡಿ, ಜೋಡಣೆ ಬಿಚ್ಚಿ, ಹಳೆಯ ಟೇಪ್ ಕೆರೆದು, ಹೊಸ ಟೆಫ್ಲಾನ್ ಟೇಪನ್ನು ಥ್ರೆಡ್ ತಿರುಗುವ ದಿಕ್ಕಿನಲ್ಲೇ ಸುತ್ತಿ. ಮೊದಲ ಒಂದು ಎಳೆ ಥ್ರೆಡ್ ಬಿಟ್ಟು ಸುತ್ತಬೇಕು, ಇಲ್ಲವಾದರೆ ಟೇಪಿನ ಚೂರು ಮುರಿದು ಗನ್‌ವರೆಗೆ ಹೋಗುತ್ತದೆ.

ಪ್ರೆಶರ್ ಸ್ವಿಚ್ ಅಡಿಯಿಂದ ಬರುವ ಸದ್ದಿಗೆ ಒಂದು ಗುಟ್ಟಿದೆ. ಮೋಟಾರ್ ನಿಂತ ಕೂಡಲೇ ‘ಪುಸ್’ ಎಂದು ಒಂದೆರಡು ಸೆಕೆಂಡು ಗಾಳಿ ಬಿಟ್ಟರೆ ಅದು ಅನ್‌ಲೋಡರ್, ಸರಿಯಾಗಿಯೇ ಕೆಲಸ ಮಾಡುತ್ತಿದೆ. ಹೆಡ್ ಮತ್ತು ಪೈಪಿನಲ್ಲಿ ಉಳಿದ ಗಾಳಿಯನ್ನು ಬಿಟ್ಟು, ಮುಂದಿನ ಸಲ ಮೋಟಾರ್ ಹಗುರವಾಗಿ ಶುರುವಾಗಲಿ ಎಂದು ಅದು ಇರುವುದು. ಅದೇ ಸದ್ದು ನಿಲ್ಲದೆ ಬರುತ್ತಿದ್ದರೆ ಸ್ವಿಚ್ ಬದಲಿಸಲು ಓಡಬೇಡಿ. ತೊಂದರೆ ಇರುವುದು ಪೈಪು ಟ್ಯಾಂಕಿಗೆ ಸೇರುವ ಜಾಗದ ನಾನ್ ರಿಟರ್ನ್ ವಾಲ್ವಿನಲ್ಲಿ, ಅಂದರೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡಬೇಕಾದ ವಾಲ್ವಿನಲ್ಲಿ. ಟ್ಯಾಂಕಿನ ಗಾಳಿ ಅದರ ಮೂಲಕ ಹಿಂದೆ ಸರಿದು ಅನ್‌ಲೋಡರ್‌ನಿಂದ ಹೊರಗೆ ಬರುತ್ತಿದೆ. ಟ್ಯಾಂಕ್ ಖಾಲಿ ಮಾಡಿ ಆ ವಾಲ್ವ್ ಬಿಚ್ಚಿದರೆ, ಸೀಟಿನ ಮೇಲೆ ಇಂಗಾಲದ ಕಪ್ಪು ಅಥವಾ ಸುಟ್ಟ ರಬ್ಬರ್ ಕಾಣಿಸುತ್ತದೆ. ತೊಳೆದು ನೋಡಿ, ಆಗದಿದ್ದರೆ ಬದಲಿಸಿ. ಸಣ್ಣ ಕೆಲಸ.

ಪಂಪ್ ರಿಪೇರಿ

ಬಿಚ್ಚುವ ಮೊದಲು ಲಕ್ಷಣ ಓದಿಕೊಳ್ಳಿ. ಓಡುತ್ತಿರುವಾಗ ಏರ್ ಫಿಲ್ಟರ್ ಹತ್ತಿರ ಕೈ ಇಡಿ. ಒಳಗೆ ಎಳೆಯುವ ಬದಲು ಹೊರಗೂ ಗಾಳಿ ಉಗುಳುತ್ತಿದ್ದರೆ ಒಳಬರುವ ವಾಲ್ವ್ ಹೋಗಿದೆ. ಎಣ್ಣೆ ಹಾಕುವ ಬಾಯಿಯ ಬ್ರೀದರ್‌ನಿಂದ ಜೋರಾಗಿ ಗಾಳಿ ಹೊಡೆಯುತ್ತಿದ್ದರೆ, ಟ್ಯಾಂಕಿನ ನೀರಿನಲ್ಲಿ ಎಣ್ಣೆ ಜಾಸ್ತಿ ಇದ್ದರೆ, ಎಣ್ಣೆ ಮಟ್ಟ ಬೇಗ ಬೇಗ ಇಳಿಯುತ್ತಿದ್ದರೆ ರಿಂಗ್ ಸವೆದಿದೆ. ಹೆಡ್ಡಿನ ಅಂಚಿನಲ್ಲಿ ಎಣ್ಣೆ ಕಪ್ಪಾಗಿ ಚಿಮ್ಮಿದ್ದರೆ ಗ್ಯಾಸ್ಕೆಟ್ ಸೋರುತ್ತಿದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ನೀರು ಸೇರಿದೆ. ಕಡಿಮೆ ಹೊತ್ತು ಓಡಿಸಿ ನಿಲ್ಲಿಸುವವರಲ್ಲಿ ಇದು ಹೆಚ್ಚು, ಪಂಪ್ ಕಾಯದೆ ಒಳಗಿನ ತೇವ ಹೋಗುವುದೇ ಇಲ್ಲ. ಕೆಳಗಿನಿಂದ ಲೋಹ ಬಡಿಯುವ ಸದ್ದು ಬಂದರೆ ಮಾತ್ರ ಗಂಭೀರ. ಬೇರಿಂಗ್ ಅಥವಾ ಕನೆಕ್ಟಿಂಗ್ ರಾಡ್ ಹೋಗಿರಬಹುದು. ಬೇರಿಂಗ್, ಕ್ರ್ಯಾಂಕ್, ಸಿಲಿಂಡರ್ ಮೂರೂ ಸವೆದ ಸಣ್ಣ ಪಂಪಿನ ಮೇಲೆ ಶ್ರಮ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಮೊದಲು ಸುಲಭದ್ದು: ಏರ್ ಫಿಲ್ಟರ್ ತೆಗೆದು ಓಡಿಸಿ, 4ರಿಂದ 7 ಬಾರ್‌ಗೆ ಹಿಡಿಯುವ ಸಮಯ ಮತ್ತೆ ಅಳೆಯಿರಿ. ಬಣ್ಣದ ಧೂಳು ಕುಳಿತ ಫಿಲ್ಟರ್ ಒಂದೇ ಸಾಕು ಪಂಪನ್ನು ಉಸಿರುಕಟ್ಟಿಸಲು. ಬೆಲ್ಟ್ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 10ರಿಂದ 12 ಮಿಲಿಮೀಟರ್ ಬಗ್ಗಬೇಕು. ಸಡಿಲವಿದ್ದರೆ ಜಾರುತ್ತದೆ, ಬಿಗಿಯಿದ್ದರೆ ಬೇರಿಂಗ್ ತಿನ್ನುತ್ತದೆ.

ವಾಲ್ವ್ ಕೆಲಸ ಹೀಗೆ:

1. ಪ್ಲಗ್ ತೆಗೆದು, ಟ್ಯಾಂಕ್ ಖಾಲಿ ಮಾಡಿ, ಪಂಪ್ ತಣ್ಣಗಾಗಲು ಬಿಡಿ. ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಯಾವ ಪಟ್ಟಿ ಯಾವ ಕಡೆ ಮುಖ ಮಾಡಿತ್ತು ಎನ್ನುವುದು ಆಮೇಲೆ ನೆನಪಿರುವುದಿಲ್ಲ.
2. ಡೆಲಿವರಿ ಪೈಪ್ ಬಿಚ್ಚಿ ಒಳಗೆ ನೋಡಿ. ಇಂಗಾಲ ಕಟ್ಟಿ ದಾರಿ ಕಿರಿದಾಗಿದ್ದರೆ ತೆಗೆಯಿರಿ.
3. ಹೆಡ್ ಬೋಲ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹೆಡ್ ಅಂಟಿದ್ದರೆ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ. ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಮುಖ ಕೆತ್ತಿಹೋಗುತ್ತದೆ, ಆಮೇಲೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ಸೋರುತ್ತದೆ.
4. ವಾಲ್ವ್ ಪ್ಲೇಟ್ ಹೊರಗೆ ತೆಗೆಯಿರಿ. ತೆಳುವಾದ ಉಕ್ಕಿನ ಪಟ್ಟಿಗಳೇ ವಾಲ್ವ್‌ಗಳು. ಬಿರುಕು, ಬಾಗು, ತುದಿ ಮುರಿದದ್ದು ಕಂಡರೆ ಬದಲಿಸಿ. ಬಾಗಿದ ಪಟ್ಟಿಯನ್ನು ನೇರ ಮಾಡಿ ಮತ್ತೆ ಹಾಕಬೇಡಿ, ಬೇಗ ಮುರಿದು ಸಿಲಿಂಡರ್ ಒಳಗೇ ಬೀಳುತ್ತದೆ.
5. ಪ್ಲೇಟಿನ ಇಂಗಾಲವನ್ನು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ನೆನೆಸಿ, ಮರದ ಚಕ್ಕೆಯಿಂದ ಕೆರೆದು ತೆಗೆಯಿರಿ. ಸೀಟು ಸ್ವಲ್ಪ ಒರಟಾಗಿದ್ದರೆ ದಪ್ಪ ಗಾಜಿನ ಮೇಲೆ ನುಣುಪು ಎಮರಿ ಪೇಪರ್ ಇಟ್ಟು, ಎಣ್ಣೆ ಹಾಕಿ ಎಂಟರ ಆಕಾರದಲ್ಲಿ ಉಜ್ಜಿ. ಕೊನೆಗೆ ಡೀಸೆಲಿನ ಜಿಡ್ಡು ಒಂದಿಷ್ಟೂ ಉಳಿಯದಂತೆ ಒರೆಸಿ ಒಣಗಿಸಿ.
6. ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ಮತ್ತೆ ಅಡ್ಡಡ್ಡ ಕ್ರಮದಲ್ಲಿ, ಎರಡು ಮೂರು ಸುತ್ತಿನಲ್ಲಿ, ತಯಾರಕರು ಹೇಳಿದ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಬಿಗಿ ಮಾಡಿ. ಗ್ಯಾಸ್ಕೆಟ್ ಅಂಟನ್ನು, ಅದರಲ್ಲೂ ಸಿಲಿಕೋನ್ ಅಂಟನ್ನು ಹೆಡ್ಡಿಗೆ ಹಚ್ಚಬೇಡಿ.

ಸಿಲಿಕೋನ್ ವಿಷಯ ಬಂತು, ಇಲ್ಲೇ ಹೇಳಿಬಿಡುತ್ತೇನೆ. ಸಿಲಿಕೋನ್ ಇರುವ ಸ್ಪ್ರೇ, ಗ್ರೀಸ್, ಪಾಲಿಶ್ ಯಾವುದೂ ಪೇಂಟಿಂಗ್ ಕಂಪ್ರೆಸರ್ ಹತ್ತಿರ ಸುಳಿಯಬಾರದು. ಕಣ್ಣಿಗೆ ಕಾಣದಷ್ಟು ಗಾಳಿಯಲ್ಲಿ ಬೆರೆತರೂ ಬಣ್ಣ ಹಿಂದೆ ಸರಿದು ಗುಳಿ ಗುಳಿ ಬೀಳುತ್ತದೆ. ಪೇಂಟರ್‌ಗಳು ಫಿಶ್ ಐ ಎನ್ನುವುದು ಇದನ್ನೇ. ಒಮ್ಮೆ ಪೈಪಿನೊಳಗೆ ಸೇರಿದರೆ ಬಿಡಿಸುವುದು ದೊಡ್ಡ ಗೋಳು.

ರಿಂಗ್ ಬದಲಿಸಬೇಕಾದರೆ ಸಿಲಿಂಡರ್ ಎತ್ತಬೇಕು. ಒಳಗೋಡೆಯ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಇದ್ದರೆ ಹೊಸ ರಿಂಗ್ ಹಾಕಿ ಲಾಭವಿಲ್ಲ, ಸಿಲಿಂಡರ್ ಬೋರ್ ಮಾಡಿಸಬೇಕು ಅಥವಾ ಬದಲಿಸಬೇಕು. ಗೋಡೆ ಬರೀ ಹೊಳಪಾಗಿದ್ದರೆ ಹೋನಿಂಗ್ (ಸಾಣೆ ಕಲ್ಲಿನಿಂದ ಒಳಗೋಡೆ ಉಜ್ಜುವುದು) ಸಾಕು, ಅಡ್ಡಗೀರು ಮೂಡಿದ ಮೇಲೆ ರಿಂಗ್ ಚೆನ್ನಾಗಿ ಕೂರುತ್ತದೆ. ಹೊಸ ರಿಂಗನ್ನು ಮೊದಲು ಪಿಸ್ಟನ್ ಇಲ್ಲದೆ ಸಿಲಿಂಡರ್ ಒಳಗಿಟ್ಟು ಬಾಯಿ ಎಷ್ಟು ಬಿಟ್ಟಿದೆ ಎಂದು ಫೀಲರ್ ಗೇಜಿನಲ್ಲಿ (ಸಂದಿ ಅಳೆಯುವ ತೆಳು ಉಕ್ಕಿನ ಎಲೆಗಳು) ನೋಡಿ. ಬಾಯಿ ಪೂರ್ತಿ ಕೂಡಿಕೊಂಡಿದ್ದರೆ ಬಿಸಿಗೆ ಹಿಗ್ಗಿ ಸಿಲಿಂಡರನ್ನೇ ಕೆರೆಯುತ್ತದೆ. ಪಿಸ್ಟನ್ನಿಗೆ ಹಾಕುವಾಗ ರಿಂಗ್ ಬಾಯಿಗಳು ಒಂದೇ ಸಾಲಿನಲ್ಲಿ ಬರದಂತೆ ತಿರುಗಿಸಿಡಿ.

ಎಣ್ಣೆ ಯಾವುದು? ಕಂಪ್ರೆಸರ್‌ಗೆಂದೇ ಇರುವ ಎಣ್ಣೆ. ಸಾಮಾನ್ಯವಾಗಿ ಐಎಸ್‌ಒ ವಿಜಿ (ಎಣ್ಣೆಯ ಮಂದತನದ ಅಳತೆ) 100 ದರ್ಜೆ, ಚಳಿ ಇರುವಲ್ಲಿ 68. ಪಂಪಿನ ಪುಸ್ತಕದಲ್ಲಿ ಬೇರೆ ಬರೆದಿದ್ದರೆ ಅದೇ ಸರಿ. ಗಾಡಿಯ ಎಂಜಿನ್ ಆಯಿಲ್ ಸುರಿಯಬೇಡಿ. ಅದರಲ್ಲಿರುವ ಡಿಟರ್ಜೆಂಟ್ ಅಂಶಗಳಿಂದ ನೊರೆ ಏಳುತ್ತದೆ, ವಾಲ್ವ್ ಮೇಲೆ ಇಂಗಾಲ ಕಟ್ಟುತ್ತದೆ. ಆಯಿಲ್ ಫ್ರೀ ಪಂಪಿನಲ್ಲಿ ಎಣ್ಣೆ ಹಾಕುವ ಪ್ರಶ್ನೆಯೇ ಇಲ್ಲ. ಅದರ ರಿಂಗ್ ಸವೆದರೆ ಪಿಸ್ಟನ್ ಕಿಟ್ ಬದಲಿಸಬೇಕು, ಕಿಟ್ ಸಿಗದಿದ್ದರೆ ಆ ಪಂಪಿನ ಆಟ ಮುಗಿಯಿತು.

ಮೋಟಾರ್ ಮತ್ತು ಸ್ವಿಚ್

ಗುಂಯ್ ಎಂದು ಸದ್ದು ಮಾಡುತ್ತದೆ, ತಿರುಗುವುದಿಲ್ಲ. ಇದು ಹಳೆಯ ಸಿಂಗಲ್ ಫೇಸ್ ಕಂಪ್ರೆಸರ್‌ಗಳ ಮಾಮೂಲು ದೂರು. ಟ್ಯಾಂಕ್ ಪೂರ್ತಿ ಖಾಲಿ ಇದ್ದಾಗ ಶುರುವಾಗಿ, ಅರ್ಧ ತುಂಬಿದ ಮೇಲೆ ಶುರುವಾಗದಿದ್ದರೆ ಅನ್‌ಲೋಡರ್ ಗಾಳಿ ಬಿಡುತ್ತಿಲ್ಲ. ಖಾಲಿ ಇದ್ದಾಗಲೂ ಶುರುವಾಗದಿದ್ದರೆ ಪ್ಲಗ್ ತೆಗೆದು ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಅನುಮಾನ ಸ್ಟಾರ್ಟ್ ಕೆಪಾಸಿಟರ್ ಮೇಲೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್ ಒಳಗೆ ಕರೆಂಟ್ ಉಳಿದಿರುತ್ತದೆ, ಅದನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡದೆ ಮುಟ್ಟಬೇಡಿ. ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಗೆ ಕೊಡಿ. ಹೊಸದರ ಮೈಕ್ರೋಫ್ಯಾರಡ್ ಅಂಕಿ ಹಳೆಯದರದ್ದೇ ಇರಬೇಕು, ವೋಲ್ಟೇಜ್ ಅಂಕಿ ಅಷ್ಟೇ ಅಥವಾ ಹೆಚ್ಚಿರಬೇಕು.

ಉದ್ದನೆಯ ತೆಳು ಎಕ್ಸ್‌ಟೆನ್ಷನ್ ವೈರ್ ಕೂಡ ಇದೇ ಲಕ್ಷಣ ತೋರಿಸುತ್ತದೆ. ವೋಲ್ಟೇಜ್ ಇಳಿದು ಮೋಟಾರ್ ಏಳಲಾಗದೆ ಬಿಸಿಯಾಗುತ್ತದೆ. ದೂರ ಹೋಗಬೇಕಾದರೆ ವೈರ್ ಉದ್ದ ಮಾಡುವ ಬದಲು ಗಾಳಿಯ ಪೈಪ್ ಉದ್ದ ಮಾಡಿ. ಥ್ರೀ ಫೇಸ್ ಮೋಟಾರ್ ಹೊಸದಾಗಿ ಜೋಡಿಸಿದ್ದರೆ ತಿರುಗುವ ದಿಕ್ಕು ನೋಡಿ. ಫ್ಲೈವೀಲಿನ ಗಾಳಿ ಪಂಪಿನ ಕಡೆ ಬೀಸಬೇಕು. ಉಲ್ಟಾ ಇದ್ದರೂ ಪಂಪ್ ಗಾಳಿ ತುಂಬುತ್ತದೆ, ಆದರೆ ತಣಿಯುವುದಿಲ್ಲ. ಎರಡು ಫೇಸ್ ಅದಲುಬದಲು ಮಾಡಿದರೆ ದಿಕ್ಕು ಸರಿಹೋಗುತ್ತದೆ.

ಗಾಳಿ ಸಾಲದು ಎಂದು ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿ ವೇಗ ಏರಿಸುವ ಉಪಾಯ ಕೆಲವರದು. ಪಂಪಿಗೆ ಹೇಳಿದ ಆರ್‌ಪಿಎಂ ದಾಟಿದರೆ ಬಿಸಿ, ಎಣ್ಣೆ, ಸವೆತ ಮೂರೂ ಏರುತ್ತವೆ. ಗಾಳಿಯೂ ಕೊಳಕಾಗುತ್ತದೆ. ಪ್ರೆಶರ್ ಸ್ವಿಚ್ಚಿನ ಕಟಾಫ್ (ಮೋಟಾರ್ ನಿಲ್ಲುವ ಪ್ರೆಶರ್) ಸ್ಕ್ರೂ ತಿರುಗಿಸಿ ಪ್ರೆಶರ್ ಏರಿಸುವುದೂ ಬೇಡ.

ನೀರು ಮತ್ತು ಎಣ್ಣೆ

ಮೈ ಗಟ್ಟಿಯಾಗಿರುವ ಕಂಪ್ರೆಸರ್ ಕೂಡ ಬಣ್ಣ ಹಾಳು ಮಾಡುವುದು ನೀರಿನಿಂದ. ನೀರು ಎಲ್ಲಿಂದ ಬರುತ್ತದೆ? ನಾವು ಉಸಿರಾಡುವ ಗಾಳಿಯಿಂದಲೇ. 30 ಡಿಗ್ರಿ ಬಿಸಿ, 60 ಶೇಕಡಾ ತೇವ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 18 ಗ್ರಾಂ ನೀರಿರುತ್ತದೆ. ನಿಮಿಷಕ್ಕೆ 300 ಲೀಟರ್ ಎಳೆಯುವ ಪಂಪ್ ಒಂದು ಗಂಟೆ ಓಡಿದರೆ 18 ಘನ ಮೀಟರ್ ಗಾಳಿ, ಅದರೊಳಗೆ ಮುನ್ನೂರು ಗ್ರಾಂಗೂ ಮೀರಿದ ನೀರು. ಅದನ್ನು 7 ಬಾರ್‌ಗೆ ಹಿಂಡಿ ಮತ್ತೆ 30 ಡಿಗ್ರಿಗೆ ತಣಿಸಿದರೆ ಕಾಲು ಲೀಟರ್‌ನಷ್ಟು ನೀರು ಹನಿಯಾಗಿ ಉದುರುತ್ತದೆ. ಅದು ಟ್ಯಾಂಕಿನಲ್ಲಿ ಉದುರಬೇಕಾ, ಫಿಲ್ಟರ್‌ನಲ್ಲಾ, ನಿಮ್ಮ ಬಾನೆಟ್ ಮೇಲಾ ಎನ್ನುವುದಷ್ಟೇ ನಮ್ಮ ಕೈಯಲ್ಲಿರುವುದು.

ಬಿಸಿ ಗಾಳಿಯಲ್ಲಿ ನೀರು ಆವಿಯಾಗಿರುತ್ತದೆ, ಆವಿಯನ್ನು ವಾಟರ್ ಸೆಪರೇಟರ್ ಹಿಡಿಯಲಾರದು. ಅದಕ್ಕೇ ಸೆಪರೇಟರನ್ನು ಟ್ಯಾಂಕಿನ ಪಕ್ಕಕ್ಕೇ ಕಟ್ಟಿದರೆ ಪ್ರಯೋಜನ ಕಡಿಮೆ. ಟ್ಯಾಂಕಿನಿಂದ ಏಳೆಂಟು ಮೀಟರ್ ಲೋಹದ ಪೈಪಿನಲ್ಲಿ ಗಾಳಿ ತಣಿದ ಮೇಲೆ ಸೆಪರೇಟರ್ ಇಡಿ, ಅದರ ನಂತರ ಎಣ್ಣೆ ಹಿಡಿಯುವ ಫಿಲ್ಟರ್, ಆಮೇಲೆ ರೆಗ್ಯುಲೇಟರ್, ಕೊನೆಗೆ ಹೋಸ್. ಪೈಪು ಡ್ರೇನ್ ಕಡೆಗೆ ನೂರಕ್ಕೆ ಒಂದರಷ್ಟು ಇಳಿಜಾರಿರಲಿ. ಕೆಳಗಿಳಿಯುವ ಕವಲನ್ನು ಪೈಪಿನ ಮೇಲ್ಭಾಗದಿಂದ ತೆಗೆದು ಬಗ್ಗಿಸಿ ಇಳಿಸಿ, ಆಗ ತಳದಲ್ಲಿ ಹರಿಯುವ ನೀರು ಕವಲಿಗೆ ಇಳಿಯುವುದಿಲ್ಲ. ಮನೆಯ ನೀರಿಗೆ ಬಳಸುವ ಪಿವಿಸಿ ಪೈಪ್ ಗಾಳಿಗೆ ಬೇಡವೇ ಬೇಡ. ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ.

ಗಾಳಿ ಶುದ್ಧವಿದೆಯಾ ಎಂದು ನೋಡಲು, ಗನ್ ತೆಗೆದು ಹೋಸಿನ ಗಾಳಿಯನ್ನು ಬಿಳಿ ಕಾಗದದ ಮೇಲೆ ಒಂದೆರಡು ನಿಮಿಷ ಬಿಡಿ. ಒದ್ದೆ ಕಲೆ ಒಣಗಿ ಮಾಯವಾದರೆ ನೀರು. ಒಣಗಿದ ಮೇಲೂ ಪಾರದರ್ಶಕ ಜಿಡ್ಡಿನ ಕಲೆ ಉಳಿದರೆ ಎಣ್ಣೆ. ಎಣ್ಣೆ ಬಂದರೆ ಫಿಲ್ಟರ್ ಮೇಲೆ ಫಿಲ್ಟರ್ ಹಾಕುವ ಬದಲು ರಿಂಗ್ ನೋಡಿ.

ಈಗ ತೀರ್ಮಾನ

ಟ್ಯಾಂಕ್ ಗಟ್ಟಿ, ತೊಂದರೆ ವಾಲ್ವ್, ಗ್ಯಾಸ್ಕೆಟ್, ನಾನ್ ರಿಟರ್ನ್ ವಾಲ್ವ್, ಕೆಪಾಸಿಟರ್, ಬೆಲ್ಟ್ ಇಷ್ಟರಲ್ಲೇ ಇದ್ದರೆ ಯೋಚಿಸುವುದೇ ಬೇಡ, ರಿಪೇರಿ ಮಾಡಿ. ಎರಕದ ಕಬ್ಬಿಣದ ಸಿಲಿಂಡರ್ ಇರುವ ಹಳೆಯ ಬೆಲ್ಟ್ ಪಂಪಿಗೆ ಬಿಡಿಭಾಗ ಸಿಗುವವರೆಗೆ ಅದನ್ನು ಬಿಡಬಾರದು ಎನ್ನುವವನು ನಾನು. ನಿಧಾನಕ್ಕೆ ತಿರುಗುತ್ತವೆ, ಸದ್ದು ಕಡಿಮೆ, ಎಷ್ಟು ಸಲ ಬೇಕಾದರೂ ಬಿಚ್ಚಿ ಜೋಡಿಸಬಹುದು.

ಟ್ಯಾಂಕ್ ಗಟ್ಟಿಯಿದ್ದು ಪಂಪ್ ಒಳಗೆಲ್ಲ ಸವೆದಿದ್ದರೆ ಪಂಪ್ ಮಾತ್ರ ಬದಲಿಸಿ. ಹೊಸ ಪಂಪಿಗೆ ಬೇಕಾದ ಎಚ್‌ಪಿ, ಆರ್‌ಪಿಎಂ, ತಿರುಗುವ ದಿಕ್ಕು, ಫ್ಲೈವೀಲಿನ ಬೆಲ್ಟ್ ಕಾಲುವೆ ಇವು ಹಳೆಯ ಮೋಟಾರಿಗೆ ಹೊಂದಬೇಕು. ಪುಲ್ಲಿ ಲೆಕ್ಕ ಸುಲಭ: ಮೋಟಾರ್ ಆರ್‌ಪಿಎಂ × ಮೋಟಾರ್ ಪುಲ್ಲಿಯ ವ್ಯಾಸ ÷ ಫ್ಲೈವೀಲಿನ ವ್ಯಾಸ = ಪಂಪಿನ ಆರ್‌ಪಿಎಂ. ಪಂಪ್ ಚೆನ್ನಾಗಿದ್ದು ಟ್ಯಾಂಕ್ ಹೋಗಿದ್ದರೆ, ಪರೀಕ್ಷೆಯಾದ ಬೇರೆ ಟ್ಯಾಂಕ್ ಮೇಲೆ ಅದೇ ಪಂಪ್ ಕೂರಿಸಬಹುದು. ಎರಡೂ ಹೋಗಿದ್ದರೆ, ಅಥವಾ ನಿಮ್ಮ ಗನ್ ಕೇಳುವುದು ಈ ಪಂಪ್ ಹೊಸದಾಗಿದ್ದಾಗ ಕೊಡುತ್ತಿದ್ದುದಕ್ಕಿಂತಲೂ ಜಾಸ್ತಿ ಇದ್ದರೆ, ಹೊಸದು ತೆಗೆದುಕೊಳ್ಳಿ. ಇನ್ನೊಂದು ದಾರಿಯೂ ಇದೆ: ಗನ್ ಬದಲಿಸಿ. ಎಚ್‌ವಿಎಲ್‌ಪಿಯಿಂದ ಒಳ್ಳೆಯ ಎಲ್‌ವಿಎಲ್‌ಪಿಗೆ ಬಂದರೆ ಹಳೆಯ ಕಂಪ್ರೆಸರ್ ಹಾಗೇ ಸಾಕಾಗಬಹುದು. ಕೆಲಸ ಸ್ವಲ್ಪ ನಿಧಾನ, ಅಷ್ಟೇ. ಬರೀ ಗೋಡೆಗೆ ಬಣ್ಣ ಹೊಡೆಯುವವರಿಗೆ ಗಾಳಿಯಿಲ್ಲದೆ ಬಣ್ಣವನ್ನೇ ಒತ್ತಿ ಚಿಮ್ಮಿಸುವ ಏರ್‌ಲೆಸ್ ಯಂತ್ರ ಸರಿ, ಅದಕ್ಕೆ ಕಂಪ್ರೆಸರೇ ಬೇಡ.

ಹೊಸದು ಕೊಳ್ಳುವಾಗ ಎಚ್‌ಪಿ ಮತ್ತು ಲೀಟರ್ ನೋಡಿ ಮರುಳಾಗಬೇಡಿ. ಕೇಳಬೇಕಾದ ಪ್ರಶ್ನೆ, 6 ಬಾರ್‌ನಲ್ಲಿ ಎಫ್‌ಎಡಿ ಎಷ್ಟು ಸಿಎಫ್‌ಎಂ? ಅಂಗಡಿಯವರು ಡಿಸ್‌ಪ್ಲೇಸ್‌ಮೆಂಟ್ ಅಂಕಿ ಹೇಳಿದರೆ ಮೂರನೇ ಒಂದು ಭಾಗ ಕಳೆದು ಲೆಕ್ಕ ಹಾಕಿ. ಆಯಿಲ್ ಫ್ರೀ ಡೈರೆಕ್ಟ್ (ಬೆಲ್ಟ್ ಇಲ್ಲದ) ಯಂತ್ರಗಳು ಹಗುರ, ಎಣ್ಣೆಯ ಭಯವಿಲ್ಲ. ಆದರೆ ಸದ್ದು ಜಾಸ್ತಿ, ದಿನವಿಡೀ ಓಟಕ್ಕೆ ಸಣ್ಣವು ತಡೆಯುವುದಿಲ್ಲ. ಆಗೊಮ್ಮೆ ಈಗೊಮ್ಮೆ ಹೊಡೆಯುವವರಿಗೆ ಅವು ಸರಿ. ವರ್ಕ್‌ಶಾಪಿಗೆ ಬೆಲ್ಟ್ ಪಂಪೇ ಇರಲಿ. ಟೂ ಸ್ಟೇಜ್ ಪಂಪ್ ಎರಡು ಹಂತದಲ್ಲಿ ಹಿಂಡುವುದರಿಂದ, ನಡುವೆ ಗಾಳಿ ತಣಿಯುವುದರಿಂದ ಕಡಿಮೆ ಕಾಯುತ್ತದೆ. ಗನ್ ಪ್ರೆಶರ್‌ಗೆ ಅದು ಬೇಕೇ ಬೇಕು ಎಂದೇನಿಲ್ಲ, ಗಂಟೆಗಟ್ಟಲೆ ಓಡಿಸುವವರಿಗೆ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ಮೇಲೆ ಹೇಳಿದ ಟ್ಯಾಂಕ್ ಪರೀಕ್ಷೆ ಮತ್ತು 4ರಿಂದ 7 ಬಾರ್ ಅಳತೆ ಎರಡನ್ನೂ ಮಾರುವವರ ಎದುರೇ ಮಾಡಿ. ಟ್ಯಾಂಕಿನ ಪ್ಲೇಟ್ ಇಲ್ಲದ ಯಂತ್ರ ಎಷ್ಟೇ ಅಗ್ಗವಾದರೂ ಬೇಡ.

ಕೂರಿಸುವುದು, ಓಡಿಸುವುದು

ಕಂಪ್ರೆಸರನ್ನು ಬಣ್ಣ ಹೊಡೆಯುವ ಕೋಣೆಯ ಹೊರಗಿಡಿ. ಪ್ರೆಶರ್ ಸ್ವಿಚ್ ಪ್ರತಿ ಸಲವೂ ಕಿಡಿ ಹಾರಿಸುತ್ತದೆ, ಥಿನ್ನರ್ ಆವಿಗೆ ಅಷ್ಟು ಸಾಕು. ಒಳಗಿದ್ದರೆ ಬಣ್ಣದ ಮಂಜನ್ನೂ ಪಂಪ್ ಎಳೆದುಕೊಳ್ಳುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಫ್ಲೈವೀಲ್ ಗೋಡೆಯಿಂದ ಒಂದೆರಡು ಅಡಿ ದೂರ ಇರಲಿ. ಕಾಲುಗಳ ಕೆಳಗೆ ರಬ್ಬರ್ ಇಡಿ. ನೆಲಕ್ಕೆ ಬಿಗಿಯಾಗಿ ಬೋಲ್ಟ್ ಹಾಕಿದರೆ ಅದುರುವಿಕೆ ಟ್ಯಾಂಕಿನ ಬೆಸುಗೆಗೆ ಹೋಗುತ್ತದೆ. ಬೆಲ್ಟ್ ಗಾರ್ಡ್ ತೆಗೆದಿಟ್ಟು ಓಡಿಸಬೇಡಿ. ಇನ್ನೊಂದು ಮಾತು, ಐಸೋಸಯನೇಟ್ ಎಂಬ ಅಪಾಯದ ರಾಸಾಯನಿಕ ಇರುವ ಟು ಪ್ಯಾಕ್ (ಹಾರ್ಡ್ನರ್ ಬೆರೆಸುವ) ಬಣ್ಣ ಹೊಡೆಯುವಾಗ ಮಾಮೂಲು ಧೂಳಿನ ಮಾಸ್ಕ್ ಸಾಲದು, ಅದಕ್ಕೆ ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಬೇಕು. ಆ ಗಾಳಿಯನ್ನು ಇದೇ ಎಣ್ಣೆ ಕಂಪ್ರೆಸರ್‌ನಿಂದ ನೇರವಾಗಿ ತೆಗೆದುಕೊಳ್ಳಬಾರದು.

ಹೊಸ ಪಂಪ್, ಅಥವಾ ಹೊಸ ರಿಂಗ್ ಹಾಕಿದ ಹಳೆಯ ಪಂಪನ್ನು ಮೊದಲ ಅರ್ಧ ಗಂಟೆ ಟ್ಯಾಂಕಿನ ಡ್ರೇನ್ ಪೂರ್ತಿ ತೆರೆದಿಟ್ಟು, ಪ್ರೆಶರ್ ಏರದಂತೆ ಓಡಿಸಿ. ಆಮೇಲೆ ಡ್ರೇನ್ ಮುಚ್ಚಿ ತುಂಬಿಸಿ, ಕಟಾಫ್ ಸರಿಯಾಗಿ ಆಗುತ್ತದಾ, ಅನ್‌ಲೋಡರ್ ಗಾಳಿ ಬಿಡುತ್ತದಾ ನೋಡಿ. ತಣ್ಣಗಾದ ಮೇಲೆ ಹೆಡ್ ಬೋಲ್ಟುಗಳನ್ನು ಇನ್ನೊಮ್ಮೆ ಟಾರ್ಕ್ ಮಾಡಿ. 50 ಗಂಟೆ ಓಡಿದ ಮೇಲೆ ಮೊದಲ ಎಣ್ಣೆ ಬದಲಿಸಿ, ಅದರಲ್ಲಿ ಲೋಹದ ಪುಡಿ ಹೊಳೆಯುತ್ತಿದ್ದರೂ ಹೆದರಬೇಡಿ, ರಿಂಗ್ ಕೂತದ್ದರ ಗುರುತು ಅದು. 4ರಿಂದ 7 ಬಾರ್‌ಗೆ ಹಿಡಿದ ಸಮಯವನ್ನು ಮಾರ್ಕರ್‌ನಲ್ಲಿ ಟ್ಯಾಂಕಿನ ಮೇಲೆಯೇ ಬರೆದಿಡಿ. ಪ್ರತಿ ಕೆಲಸದ ಕೊನೆಗೆ ಡ್ರೇನ್ ತೆರೆದು ನೀರು ಬಿಟ್ಟು, ಕಾಕನ್ನು ಹಾಗೇ ತೆರೆದಿಟ್ಟು ಹೋಗಿ.